ಮೂರನೇ ಕೂಗು

"ಹೊಸ್ತಿಲು ದಾಟಿ ಈಚೆ ಕಾಲಿಟ್ಟೆ ಅಂದ್ರೆ ಮುರಿದು ಕೈಗೆ ಕೊಡ್ತೀನಿ, ಬೋಳಿಮಗನೆ. ಅಲ್ಲೇ ನಿಂತ್ಕೊ. ತಗೋ!"

ಶಿರಸ್ತೇದಾರ ಪಟ್ಟಿಯನ್ನು ಕೈಗೆ ಕೊಡಲಿಲ್ಲ, ಎಸೆದ. ಮೂರು ಹಾಳೆ. ಎರಡು ಹೊಸ್ತಿಲ ಹೊರಗೆ ಬಿದ್ದವು, ಒಂದು ಒಳಗೇ ಉಳಿಯಿತು. ಕಂಚು ಹೊರಗಿನ ಎರಡನ್ನು ಎತ್ತಿಕೊಂಡು, ಒಳಗಿನದಕ್ಕೆ ಬಗ್ಗಿ ಕೈ ಚಾಚಿ ಅಲ್ಲೇ ನಿಲ್ಲಿಸಿದ. ಕಾಲು ದಾಟಬಾರದು ಸರಿ, ಕೈ ದಾಟಬಹುದೋ ಇಲ್ಲವೋ ಎನ್ನುವುದು ಮೂವತ್ತೊಂದು ವರ್ಷದ ನೌಕರಿಯಲ್ಲಿ ಇನ್ನೂ ಇತ್ಯರ್ಥವಾಗಿರಲಿಲ್ಲ. ಶಿರಸ್ತೇದಾರ ಬೂಟಿನ ತುದಿಯಿಂದ ಹಾಳೆಯನ್ನು ಅವನ ಕಡೆ ತಳ್ಳಿದ.

"ನಲವತ್ತೊಂದು ಅರ್ಜಿ. ಸಂಜೆ ಐದರೊಳಗೆ ಎಲ್ಲಾ ಮುಗೀಬೇಕು. ಮೇಲಿಂದ ಅಪ್ಪಣೆ ಆಗಿದೆ. ಹೆಸರು ಕೂಗೋ ಹಾಗಿಲ್ಲ, ಬರೀ ನಂಬರು. ಒಂದೊಂದಕ್ಕೆ ಮೂರು ಕೂಗು. ತಿಳೀತಾ?"

"ತಿಳೀತು ಸ್ವಾಮಿ."

"ನಿನ್ನ ಮಗಳದ್ದು ಕೊನೇದು, ನಲವತ್ತೊಂದು. ಬೇಕಂತಲೇ ಕೊನೆಗೆ ಇಟ್ಟಿದೀನಿ, ಅಷ್ಟೊತ್ತಿಗೆ ಗಂಟಲು ಕಾದಿರುತ್ತೆ ಅಂತ. ಚೆನ್ನಾಗಿ ಕೂಗು. ಅಪ್ಪನ ದನಿ ಕೇಳಿ ಬಂದ್ರೂ ಬಂದ್ಲು."

ಒಳಗೆ ಇಬ್ಬರು ಗುಮಾಸ್ತರು ಕಿಸಕ್ಕೆಂದರು. ಕಂಚು ಹಾಳೆಗಳನ್ನು ಎದೆಗೆ ಒತ್ತಿಕೊಂಡು ಮೊಗಸಾಲೆಗೆ ತಿರುಗಿದ.

ಕಂಚು ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇವನ ಕಂಠ ಕಂಚಿನದು ಅಂತ ಯಾವ ಕಾಲದಲ್ಲೋ ಒಬ್ಬ ಜಡ್ಜು ಹೊಗಳಿದ್ದು ಹಾಗೇ ಅಂಟಿಕೊಂಡಿತು. ಅವನ ಅಪ್ಪ, ಅಪ್ಪನ ಅಪ್ಪ, ಬೀದಿಯ ಬಾಯಲ್ಲಿ ನಿಂತು ಸತ್ತವರ ಹೆಸರು ಸಾರುತ್ತಿದ್ದವರು. ಊರಿಗೆ ಅವರ ಬಾಯಿ ಬೇಕಿತ್ತು, ಅವರು ಬೇಡವಾಗಿದ್ದರು. ಕೋರ್ಟು ಬಂದಾಗ ಕೂಗುವ ಕೆಲಸವೂ ಅದೇ ಮನೆಗೆ ಬಂತು. ಖಾಲಿ ಮೊಗಸಾಲೆಗೆ ಮುಖ ಮಾಡಿ ಮನುಷ್ಯರನ್ನು ಮೂರು ಸಲ ಕೂಗುವುದು ಮರ್ಯಾದಸ್ಥರು ಬಾಯಿ ಮೈಲಿಗೆ ಮಾಡಿಕೊಳ್ಳುವ ಕೆಲಸವೇ? ಕಂಚು ಮಲಗಿದರೆ ಕೋರ್ಟೂ ಮಲಗಿತು ಅಂತಲೇ ಲೆಕ್ಕ. ಒಂದು ಸಲ ಜ್ವರದಲ್ಲಿ ಬಿದ್ದವನನ್ನು ಕೈಗಾಡಿಯಲ್ಲಿ ಹೇರಿಕೊಂಡು ಬಂದು, ಬಾಗಿಲಿಗೆ ಒರಗಿಸಿ ನಿಲ್ಲಿಸಿ ಕೂಗಿಸಿದ್ದರು. ಆವತ್ತೂ ಹೊಸ್ತಿಲ ಹೊರಗೇ.

ಅಪ್ಪ ಹೇಳುತ್ತಿದ್ದ: ಒಂದು ಕೂಗು ಕೆಲಸಕ್ಕೆ, ಎರಡು ಕೂಗು ಊಟಕ್ಕೆ, ಮೂರು ಕೂಗು ಸತ್ತವರಿಗೆ. ಹಾಗಾಗಿ ಅವರ ಮನೆಯಲ್ಲಿ ಯಾರನ್ನೂ ಮೂರು ಸಲ ಕರೆಯುವಂತಿರಲಿಲ್ಲ. ಅದನ್ನು ಮುರಿದವಳು ಮಗಳು. ಮೊದಲ ಸಲಕ್ಕೆ ಓಗೊಡಳು, ಎರಡನೇ ಸಲಕ್ಕೂ ಇಲ್ಲ. ಇವನು ಹೆದರಿ ಹೆದರಿ ಮೂರನೇ ಸಲ ಬಾಯಿ ತೆರೆದ ಮೇಲೆಯೇ ಒಳಗಿನಿಂದ ನಗು ಕೇಳುತ್ತಿತ್ತು. "ಬಂದೆ ಕಣಪ್ಪಾ! ಇದೇನು ಕೋರ್ಟಾ, ಹಾಗೆ ಕಿರುಚೋಕೆ? ನೋಡು, ಮೂರು ಸಲ ಕರೆದೆಯಲ್ಲ, ನಾನೇನು ಸತ್ತು ಹೋದ್ನಾ?"

ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ಬಟ್ಟೆ ಬಿಳಿ ಮಾಡುವ ಸುಣ್ಣದ ಪುಡಿ ತಿಂದು ಮುಂಗೈವರೆಗೆ ಬೆಳ್ಳಗಾದ ಚರ್ಮ. ಮುಂದೆ ಕಟ್ಟಿಕೊಳ್ಳುವ ರಬ್ಬರು ಬಟ್ಟೆಯ ಜೇಬಿನಲ್ಲಿ ಸಂವಿಧಾನದ ಪುಟ್ಟ ಪುಸ್ತಕ, ಒದ್ದೆಯಾಗಿ ಒಣಗಿ ಉಬ್ಬಿಕೊಂಡದ್ದು. ಬಟ್ಟೆ ಹಿಂಡುತ್ತಾ ಜೊತೆಯ ಹೆಂಗಸರಿಗೆ ಓದಿ ಹೇಳುವಳು. ಐವತ್ತು ದಾಟಿದ ಅಪ್ಪನಿಗೆ ಅಕ್ಷರ ಕಲಿಸಿದ್ದೂ ಅದೇ ಪುಸ್ತಕದಲ್ಲಿ. ಬೇರೆ ಮಕ್ಕಳು 'ಅರಸ, ಆನೆ' ಅಂತ ಕಲಿತರೆ, ಕಂಚು ಮೊದಲು ಕೂಡಿಸಿ ಓದಿದ ಉದ್ದ ಪದ 'ರಾಷ್ಟ್ರಾಧ್ಯಕ್ಷರು'. ಓದಿ ಮುಗಿಸುವಷ್ಟರಲ್ಲಿ ಬೆವರು ಬಂದಿತ್ತು. "ಏನವ್ವಾ ಇದು, ಬಾಯಿ ತುಂಬಾ ಕಲ್ಲು ಹಾಕಿದ ಹಾಗಿದೆ" ಅಂದಿದ್ದ. "ಅದಕ್ಕೇ ಅಪ್ಪಾ, ಈ ಪುಸ್ತಕ ಅವರ ಕೈಗೂ ಒಂದು ಹಗ್ಗ ಕಟ್ಟಿದೆ" ಅಂದಿದ್ದಳು ಮಗಳು.

ಆ ಹಗ್ಗವನ್ನು ಬಿಚ್ಚಿಕೊಳ್ಳಲು ರಾಷ್ಟ್ರಾಧ್ಯಕ್ಷರು ಒಂದೇ ಒಂದು ರುಜು ಹಾಕಿದರು. ಅನುಮಾನ ಬಂದವರನ್ನು ಹಿಡಿಯಬಹುದು, ಕಾರಣ ಹೇಳಬೇಕಿಲ್ಲ, ಎಲ್ಲಿಟ್ಟಿದ್ದೀವಿ ಅಂತಲೂ ಹೇಳಬೇಕಿಲ್ಲ. ಮಾರನೇ ವಾರ ಎದುರು ಮನೆಯ ಗಾರೆ ಕೆಲಸದವನನ್ನು ಹಿಡಿಯಲು ಬಂದರು. ಇಡೀ ಬೀದಿ ಕದ ಹಾಕಿಕೊಂಡಿತು. ಮಗಳು ಒದ್ದೆ ಕೈಯಲ್ಲೇ ಹೊರಗೆ ಓಡಿದಳು.

"ಹಿಡಿದ ಒಂದು ದಿನದೊಳಗೆ ಜಡ್ಜ್ ಮುಂದೆ ನಿಲ್ಲಿಸ್ಬೇಕು. ಇಲ್ಲಿ ಬರೆದಿದೆ, ನೋಡಿ. ರಾಷ್ಟ್ರಾಧ್ಯಕ್ಷರು ಹೇಳಿದ್ರೂ ಅಷ್ಟೇ, ಹೇಳದಿದ್ರೂ ಅಷ್ಟೇ."

"ಯಾವಳೇ ನೀನು? ರಾಷ್ಟ್ರಾಧ್ಯಕ್ಷರ ಅತ್ತೆಯಾ?" ಅಂದ ಅಧಿಕಾರಿ.

"ಅತ್ತೆ ಅಲ್ಲ. ಅವರು ಕೂತಿರೋದು ನಾನು ಹಾಕಿದ ಓಟಿನ ಮೇಲೆ."

ಗಾಡಿಯಲ್ಲಿ ಒಬ್ಬನಿಗೆ ಅಂತ ಇದ್ದ ಜಾಗದಲ್ಲಿ ಇಬ್ಬರು ಹೋದರು. ಅದಾಗಿ ನಾಲ್ಕು ತಿಂಗಳು. ಆ ಒಂದು ದಿನ ಇನ್ನೂ ಮುಗಿದಿರಲಿಲ್ಲ.

ಇವತ್ತು ಬೆಳಿಗ್ಗೆ ಕೋರ್ಟಿನ ಮೆಟ್ಟಿಲ ಕೆಳಗಿನ ನಲ್ಲಿಯ ಹತ್ತಿರ ಮುದಿ ವಕೀಲಮ್ಮ ಸಿಕ್ಕಿದ್ದಳು. ನಲವತ್ತೊಂದು ಅರ್ಜಿಯನ್ನೂ ಬರೆದು ಹಾಕಿದವಳು ಅವಳೇ. ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿತ್ತು.

"ಕಂಚಣ್ಣ, ಕೇಳಿಲ್ಲಿ. ಜನರನ್ನ ಹೀಗೆ ಒಂದು ರುಜು ಮೇಲೆ ಒಳಗಿಡೋ ಅಧಿಕಾರ ರಾಷ್ಟ್ರಾಧ್ಯಕ್ಷರಿಗೆ ಇದೆಯಾ ಅಂತ ನಾಳೆ ದೊಡ್ಡ ಕೋರ್ಟು ಕೇಳುತ್ತೆ. ಆದ್ರೆ ಕೇಳೋದಕ್ಕೆ ಕೆಳಗೆ ಒಂದಾದ್ರೂ ಅರ್ಜಿ ಜೀವಂತ ಇರ್ಬೇಕು. ಅದಕ್ಕೇ ಇವತ್ತು ಈ ಅವಸರ. ಅರ್ಜಿದಾರರೇ ಖುದ್ದಾಗಿ ಬರ್ಬೇಕಂತೆ. ಮೂರು ಕೂಗಿಗೆ ಬರದಿದ್ರೆ ಅರ್ಜಿ ವಜಾ. ಹೊಸದಾಗಿ ಹಾಕೋ ಹಾಗಿಲ್ಲ. ಐದು ಹೊಡೆಯೋದ್ರೊಳಗೆ ವಜಾ ಆಗದೆ ಉಳಿದದ್ದು ಮಾತ್ರ ನಾಳೆಗೆ ಜೀವಂತ."

"ಹಿಡಿದಿಟ್ಟವರೇ ಯಾಕೆ ಬರ್ಲಿಲ್ಲ ಅಂತ ಕೇಳ್ತಾರಾ?"

"ಹೂಂ."

"ನನ್ನ ಬಾಯಿಂದ ಕೇಳಿಸ್ತಾರಾ?"

ವಕೀಲಮ್ಮ ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡಳು. "ನಾನು ನಿನ್ನನ್ನ ಏನೂ ಕೇಳ್ತಿಲ್ಲಪ್ಪ. ವಿಷಯ ಹೇಳಿದೆ ಅಷ್ಟೇ" ಎಂದು ಒರೆಸಿಕೊಳ್ಳದೆ ಹೋದಳು.

ಹೆಂಡತಿ ಮಾತ್ರ ಮುಚ್ಚುಮರೆ ಇಲ್ಲದೆ ಹೇಳಿ ಕಳಿಸಿದ್ದಳು. ನಾಲ್ಕು ತಿಂಗಳಿಂದಲೂ ಮೂರು ತಟ್ಟೆ ಹಾಕುತ್ತಾಳೆ, ಒಂದನ್ನು ಹಾಗೇ ಎತ್ತಿಡುತ್ತಾಳೆ. ಇವನೂ ಒಮ್ಮೊಮ್ಮೆ ಒಳಗಿನ ಕೋಣೆಯ ಕಡೆ ತಿರುಗಿ ಮಗಳನ್ನು ಕರೆಯುತ್ತಾನೆ. ಒಂದು ಸಲ. ಎರಡು ಸಲ. ಅಲ್ಲಿಗೆ ನಿಲ್ಲಿಸುತ್ತಾನೆ. ಮೂರನೇ ಸಲ ಕರೆದೂ ಅವಳು ಓಗೊಡದಿದ್ದರೆ ಏನು ಗತಿ? ಕರೆಯದೆ ಇರುವಷ್ಟು ದಿನ ಅವಳು ಒಳಗೆಲ್ಲೋ ಬೇಕಂತಲೇ ಸುಮ್ಮನಿದ್ದಾಳೆ. ಇವತ್ತು ಬಾಗಿಲಲ್ಲಿ ಹೆಂಡತಿ ಅವನ ಅಂಗಿ ಹಿಡಿದುಕೊಂಡಳು. "ಅವಳನ್ನ ಮೂರು ಸಲ ಕೂಗಿ ಬಂದೆ ಅಂದ್ರೆ ಈ ಮನೆಗೆ ಬರ್ಬೇಡ. ನಿನ್ನ ತಟ್ಟೇನೂ ಎತ್ತಿಡ್ತೀನಿ."

ಹತ್ತೂವರೆಗೆ ಜಡ್ಜು ಬಂದು ಕೂತರು. ಕಂಚು ಹೊಸ್ತಿಲ ಹೊರಗೆ ನಿಂತು, ಬೆನ್ನು ಕೋರ್ಟಿಗೆ, ಮುಖ ಮೊಗಸಾಲೆಗೆ ಮಾಡಿದ. ಉದ್ದದ ಕಲ್ಲಿನ ಮೊಗಸಾಲೆ, ಎರಡೂ ಬದಿಗೆ ಬೆಂಚು, ಬೆಂಚಿನ ತುಂಬ ಹೆಂಗಸರು. ತುದಿಯಲ್ಲಿ ಇಳಿಯುವ ಮೆಟ್ಟಿಲು. ಬಾಗಿಲ ಎರಡು ಕಡೆ ಬಂದೂಕಿನ ಇಬ್ಬರು ಕಾವಲಿನವರು.

"ಅರ್ಜಿ ನಂಬರ್ ಒಂದೂ... ಹಾಜರಿದ್ದಾರಾ...?"

ದನಿ ಮೆಟ್ಟಿಲವರೆಗೆ ಹೋಗಿ, ಅಲ್ಲಿ ಒಂದು ಗಳಿಗೆ ನಿಂತು, ವಾಪಸು ಬಂತು. ಇದ್ದಾರಾ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಂದು ಅಂದರೆ ಯಾರು? ಯಾರ ಗಂಡ, ಯಾರ ತಮ್ಮ?

ಮೂರು ಕೂಗಾಯಿತು. ಒಳಗೆ ಸರ್ಕಾರಿ ವಕೀಲ ಕೂತಲ್ಲಿಂದಲೇ, "ಪ್ರತಿವಾದಿ ಪರ ಹಾಜರಿದ್ದೇನೆ" ಅಂದ. ಅರ್ಜಿದಾರ, ಪ್ರತಿವಾದಿ ಇಬ್ಬರನ್ನೂ ಕೂಗದೆ ಕೇಸು ಮುಗಿಯುವಂತಿಲ್ಲ, ಅದು ಹಳೇ ಕಟ್ಟಳೆ. ಆದರೆ ಪ್ರತಿವಾದಿಯ ವಕೀಲ ಎದುರಿಗೇ ಕೂತಿದ್ದರೆ ಆ ಕೂಗು ಬೇಡ. ವಕೀಲಮ್ಮ ಎದ್ದು ನಿಂತಳು. "ಸ್ವಾಮಿ, ಅರ್ಜಿದಾರ ಸರ್ಕಾರದ ವಶದಲ್ಲೇ ಇದಾನೆ. ಕರ್ಕೊಂಡು ಬರ್ಬೇಕಾದವರು ಅವರೇ."

"ಕೂತ್ಕೊಳಿ" ಅಂದರು ಜಡ್ಜು, ತಲೆ ಎತ್ತದೆ. ವಜಾ ಮೊಹರು ಧಬ್ ಎಂದಿತು.

ಎರಡು. ಮೂರು. ನಾಲ್ಕು. ಪ್ರತಿಯೊಂದಕ್ಕೂ ವಕೀಲಮ್ಮ ಎದ್ದಳು, ಪ್ರತಿಯೊಂದಕ್ಕೂ ಕೂತಳು. ಹತ್ತಾದ ಮೇಲೆ ಜಡ್ಜು ಬಾಯಲ್ಲಿ ಹೇಳುವುದನ್ನೂ ಬಿಟ್ಟು ಬೆರಳು ಆಡಿಸತೊಡಗಿದರು. ಕಂಚು ಕೂಗುತ್ತಾ ಹೋದ. ಥೂ, ಎಂಥ ಬಾಳು ಇದು, ಎಂದು ಒಳಗೊಳಗೇ ಉಗಿದುಕೊಂಡ. ಅಪ್ಪ ಕೂಗುತ್ತಿದ್ದದ್ದು ಸತ್ತವರನ್ನು. ನಾನು ಕೂಗಿ ಕೂಗಿ ಸಾಯಿಸುತ್ತಿದ್ದೇನೆ.

ಹನ್ನೆರಡರ ಹೊತ್ತಿಗೆ ಮಾರ್ದನಿ ತಡವಾಗಿ ಬರುತ್ತಿದೆ ಅನ್ನಿಸಿತು. ತುದಿಯಲ್ಲಿ ಯಾರೋ ನಿಂತು ಅವನ ಮಾತನ್ನು ಕೈಯಲ್ಲಿ ಹಿಡಿದು ನೋಡಿ, ನನ್ನದಲ್ಲ ಅಂತ ವಾಪಸು ಕಳಿಸುತ್ತಿದ್ದ ಹಾಗೆ. ಎರಡನೇ ಕೂಗಿಗೂ ಮೂರನೇ ಕೂಗಿಗೂ ನಡುವೆ ಉಸಿರು ಕೇಳುತ್ತಿತ್ತು. ತನ್ನದೇ ಇರಬೇಕು ಎಂದು ಉಸಿರು ಬಿಗಿಹಿಡಿದು ನೋಡಿದ. ಆಗಲೂ ಕೇಳಿತು.

ಹದಿನೇಳು ಮುಗಿದಾಗ ವಕೀಲಮ್ಮ ಹೊಸ್ತಿಲು ದಾಟಿ ಅವನ ಎದುರಿಗೆ ಬಂದು, ಬೆಂಚಿನ ತುದಿಯ ಮುದುಕಿಯತ್ತ ಕಣ್ಣಲ್ಲೇ ತೋರಿಸಿದಳು. ಹದಿನೇಳು ಎಂದರೆ ಎದುರು ಮನೆಯ ಗಾರೆಯವನು. ಮೊಹರು ಆಗಲೇ ಬಿದ್ದಿತ್ತು. ಅವನ ತಾಯಿ, ಮಗ ಗಾರೆ ಮೆತ್ತುವ ಕರಣೆಯನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಇವತ್ತು ಬಿಟ್ಟರೆ ನೇರ ಕೆಲಸಕ್ಕೆ ಹೋಗುತ್ತಾನೆ, ಅದಕ್ಕೆ ತಂದಿದ್ದೇನೆ ಅಂತ ಎಲ್ಲರಿಗೂ ಹೇಳಿದ್ದಳು. ಕಿವಿ ಅರ್ಧ ಮಂದ.

ಊಟದ ಬಿಡುವಿನಲ್ಲಿ ಅವಳು ಗೋಡೆ ಹಿಡಿದುಕೊಂಡು ಇವನ ಹತ್ತಿರ ಬಂದಳು. "ಮಗಾ, ನನ್ನ ಹುಡುಗನ್ನ ಯಾವಾಗ ಕೂಗ್ತೀಯ?"

"ಈಗ ನಂಬರಲ್ಲಿ ಕೂಗೋದವ್ವಾ."

"ನಾನು ಅವನಿಗೆ ಹೆಸರಿಟ್ಟಿದ್ದು ಕಣಪ್ಪಾ, ನಂಬರ್ ಇಟ್ಟಿಲ್ಲ. ಆಗೋಯ್ತಾ ಅವನದು?"

"ಇನ್ನೂ ಇಲ್ಲ" ಅಂದ ಕಂಚು. ಬಾಯಿಗೆ ಬಂದದ್ದು ಅಷ್ಟೇ. ಮುದುಕಿ ಅವನ ಕೆನ್ನೆ ಸವರಿ, "ಗಂಟಲು ಒಣಗಿದೆ, ನೀರು ಕುಡಿ" ಎಂದು ಹೇಳಿ ಹೋದಳು.

ಮಧ್ಯಾಹ್ನ ಇಪ್ಪತ್ತು, ಇಪ್ಪತ್ತೈದು, ಮೂವತ್ತು. ಪಟ್ಟಿಯಲ್ಲಿ ಅರ್ಜಿದಾರರ ಹೆಸರಿನ ಮೇಲೆಲ್ಲ ಕರಿ ಮಸಿ ಬಳಿದಿದ್ದರು. ಪಕ್ಕದ ಪ್ರತಿವಾದಿಯ ಸಾಲಿಗೆ ಮಸಿ ಇರಲಿಲ್ಲ. ಅಲ್ಲಿ ಒಂದೇ ಪದ, ಮೇಲಿಂದ ಕೆಳಗೆ ನಲವತ್ತೊಂದು ಸಲ. ಕಂಚು ಪ್ರತಿ ಸಲವೂ ಅದನ್ನು ಕೂಡಿಸಿ ಓದಿದ. ಬಾಯಿ ತುಂಬಾ ಕಲ್ಲು.

ಮೂವತ್ತೊಂಬತ್ತು ಆದಾಗ ಗಡಿಯಾರದಲ್ಲಿ ನಾಲ್ಕೂ ನಲವತ್ತು. ಸರ್ಕಾರಿ ವಕೀಲ ಮೈ ಮುರಿದು ಎದ್ದ. "ಇನ್ನೆರಡು ತಾನೇ? ನಂದು ಹಾಜರಿ ಅಂತ ಬರ್ಕೊಳ್ರಿ. ಒಂದು ಫೋನ್ ಮಾಡಿ ಮುಗೀತು ಅಂತ ಹೇಳ್ಬಿಡ್ತೀನಿ" ಎಂದು ಶಿರಸ್ತೇದಾರನ ಭುಜ ತಟ್ಟಿ ಹಿಂದಿನ ಬಾಗಿಲಿನಿಂದ ಹೋದ. ನಲವತ್ತೂ ಹೋಯಿತು. ಧಬ್.

"ಹೂಂ, ನಲವತ್ತೊಂದು" ಅಂದ ಶಿರಸ್ತೇದಾರ. "ಬಾರಿಸೋ ನಿನ್ನ ಕಂಚು."

ಕಂಚು ಬಾಯಿ ತೆರೆದ. ಬೆಳಿಗ್ಗೆಯಿಂದ ನೂರಿಪ್ಪತ್ತು ಸಲ ತೆರೆದ ಬಾಯಿ.

"ಅರ್ಜಿ ನಂಬರ್ ನಲವತ್ತೊಂದೂ... ಹಾಜರಿದ್ದಾರಾ...?"

ಮೊದಲ ಸಲಕ್ಕೆ ಅವಳು ಯಾವತ್ತೂ ಓಗೊಟ್ಟವಳಲ್ಲ.

"ಅರ್ಜಿ ನಂಬರ್ ನಲವತ್ತೊಂದೂ... ಹಾಜರಿದ್ದಾರಾ...?"

ಈ ಸಲ ಮಾರ್ದನಿ ಬರಲೇ ಇಲ್ಲ. ಮೆಟ್ಟಿಲ ತುದಿಯಲ್ಲಿ ಅದನ್ನು ಯಾರೋ ಹಿಡಿದು ಇಟ್ಟುಕೊಂಡರು. ಸುಣ್ಣದ ಪುಡಿಯ ವಾಸನೆ ಬಂತು, ಒದ್ದೆ ಬಟ್ಟೆಯ ವಾಸನೆ. ಅವಳು ಅಲ್ಲೇ ಇದ್ದಾಳೆ, ನಗು ಅದುಮಿಕೊಂಡು, ಕೊನೇ ಸಲಕ್ಕೆ ಕಾಯುತ್ತಾ. ಕರೆದರೆ ಬರುತ್ತಾಳೆ. ಕರೆದರೆ ಬರದಿದ್ದರೆ? ಕಂಚುವಿನ ಕಣ್ಣಿಂದ ನೀರು ಇಳಿದು ಬಾಯಿಗೆ ಬಂತು. ಅವನು ಬಾಯಿ ಮುಚ್ಚಿದ.

"ಮೂರನೇದು" ಅಂದ ಶಿರಸ್ತೇದಾರ.

ಕಂಚು ಪಟ್ಟಿಯನ್ನು ಮಡಿಸಿದ.

"ಏ ಸೂಳೆಮಗನೆ, ಮೂರನೇದು ಕೂಗೋ! ಐದಾಗ್ತಾ ಬಂತು!"

ಜಡ್ಜು ಆ ದಿನ ಮೊದಲ ಸಲ ತಲೆ ಎತ್ತಿದರು. "ಏನಾಯ್ತು ಅವನಿಗೆ? ಬೇರೆ ಯಾರಾದ್ರೂ ಕೂಗಿ, ಮುಗಿಸಿ."

ಶಿರಸ್ತೇದಾರ ಗುಮಾಸ್ತರ ಕಡೆ ನೋಡಿದ. ಒಬ್ಬ ಫೈಲಿನೊಳಗೆ ಮುಖ ಹಾಕಿದ. ಇನ್ನೊಬ್ಬ, "ಮನೇಲಿ ಮಕ್ಕಳಿದಾವೆ ಸಾರ್, ಸಾವಿನ ಕೂಗು ನನ್ನ ಬಾಯಲ್ಲಿ ಬೇಡ" ಅಂದ. ಜವಾನ ನೀರು ತರುವ ನೆಪದಲ್ಲಿ ಜಾರಿಕೊಂಡ. "ಹಾಗಾದ್ರೆ ನೀವೇ ಕೂಗ್ರಿ" ಅಂದರು ಜಡ್ಜು. ಶಿರಸ್ತೇದಾರನ ಮುಖ ಕಪ್ಪಿಟ್ಟಿತು. ಬಾಗಿಲವರೆಗೆ ಬಂದ, ಹೊಸ್ತಿಲನ್ನು ನೋಡಿದ. ಅದರಾಚೆ ಕಂಚು ನಿಲ್ಲುವ ಜಾಗ, ಮೂವತ್ತೊಂದು ವರ್ಷ ಅವನ ಕಾಲು ಸವೆಸಿದ ಎರಡು ಗುಳಿ. ಅಲ್ಲಿ ನಿಂತು ಕೂಗುವುದು? ಆ ಕುಲದವನ ಜಾಗದಲ್ಲಿ, ಆ ಕುಲದವನ ಕೂಗು? ಅವನ ಬೂಟು ಹೊಸ್ತಿಲ ಒಳಗೇ ನಿಂತುಬಿಟ್ಟಿತು.

ಕಂಚು ಕೂಗಲು ನಿಂತ ಮೇಲೆ ಮೊದಲ ಸಲ ಕೋರ್ಟಿನ ಕಡೆ ತಿರುಗಿದ.

"ಪ್ರತಿವಾದಿನ ಕೂಗಿಲ್ಲ ಸ್ವಾಮಿ" ಅಂದ.

"ಏನು?"

"ಇಬ್ಬರನ್ನೂ ಕೂಗದೆ ಕೇಸು ಮುಗಿಸೋ ಹಾಗಿಲ್ಲ. ಪ್ರತಿವಾದಿ ವಕೀಲರು ಕುರ್ಚಿಲಿಲ್ಲ. ನಾನು ಕೂಗ್ಬೇಕು. ಅದು ನನ್ನ ಕೆಲಸ."

ಎಲ್ಲರ ಕಣ್ಣೂ ಖಾಲಿ ಕುರ್ಚಿಗೆ ಹೋಯಿತು. ಯಾರೂ ಬಾಯಿ ತೆರೆಯುವ ಮೊದಲೇ ಕಂಚು ಮೊಗಸಾಲೆಗೆ ತಿರುಗಿ ನಿಂತಿದ್ದ. ಅಪ್ಪ ಬೀದಿಯ ಬಾಯಲ್ಲಿ ನಿಲ್ಲುತ್ತಿದ್ದ ಹಾಗೆ, ಎಡಗೈ ಕಿವಿಗೆ ಇಟ್ಟುಕೊಂಡು.

"ರಾಷ್ಟ್ರಾಧ್ಯಕ್ಷರೂ...! ಹಾಜರಿದ್ದಾರಾ...?"

ಕಾವಲಿನವರಿಬ್ಬರೂ ಅಭ್ಯಾಸಬಲದಿಂದ ಕಾಲು ಅಪ್ಪಳಿಸಿ ಸಲ್ಯೂಟು ಹೊಡೆದರು. ಬೆಂಚಿನ ಹೆಂಗಸರು ಎದ್ದು ನಿಂತರು. ತಮಗೆ ಗೊತ್ತಿಲ್ಲದೆಯೇ ಎಲ್ಲರೂ ಮೆಟ್ಟಿಲ ಕಡೆ ನೋಡಿದರು.

"ಹಿಡೀರೋ ಅವನನ್ನ!" ಅಂತ ಶಿರಸ್ತೇದಾರ ಕಿರುಚಿದ. ಕಾವಲಿನವರಿಗೆ ಸಲ್ಯೂಟಿನ ಕೈ ಇಳಿಸುವುದೋ ಬಿಡುವುದೋ ತಿಳಿಯಲಿಲ್ಲ.

"ರಾಷ್ಟ್ರಾಧ್ಯಕ್ಷರೂ...! ಹಾಜರಿದ್ದಾರಾ...?"

ಹಿಂದಿನ ಬಾಗಿಲಲ್ಲಿ ಸರ್ಕಾರಿ ವಕೀಲ ಓಡಿ ಬರುವ ಸದ್ದು. ಗಡಿಯಾರ ಗಂಟೆ ಬಾರಿಸಲು ಗೊರಗೊರ ಎಂದಿತು. ಮೂರನೆಯದಕ್ಕೆ ಕಂಚು ಎದೆಯಲ್ಲಿದ್ದದ್ದನ್ನೆಲ್ಲ ಹಾಕಿ ಕೂಗಿದ. ನಲವತ್ತು ಅರ್ಜಿಗೆ ಕೂಗಿದ ಪಾಪವನ್ನೆಲ್ಲ ಅದರಲ್ಲೇ ಕಕ್ಕಿದ. ಕಿಟಕಿಯ ಗಾಜು ಅದುರಿತು. ಕೂಗು ಮೆಟ್ಟಿಲಿಳಿದು ಬೀದಿಗೆ ಹೋಯಿತು.

ಯಾರೂ ಬರಲಿಲ್ಲ. ಐದು ಹೊಡೆಯಿತು.

"ಬರ್ಕೊಳ್ಳಿ ಸ್ವಾಮಿ" ಅಂದಳು ಮುದಿ ವಕೀಲಮ್ಮ. ಎದ್ದು ನಿಂತಿದ್ದಳು. "ಅರ್ಜಿದಾರಳನ್ನ ಎರಡು ಸಲ ಕೂಗಲಾಯಿತು. ಪ್ರತಿವಾದಿಯನ್ನ ಮೂರು ಸಲ ಕೂಗಲಾಯಿತು. ಪ್ರತಿವಾದಿ ಹಾಜರಿಲ್ಲ."

ಜಡ್ಜರ ಪೆನ್ನು ಕಾಗದದ ಮೇಲೆ ಒಂದು ಬೆರಳಷ್ಟು ಎತ್ತರದಲ್ಲಿ ನಿಂತಿತ್ತು.

ಆಮೇಲೆ ಕಾವಲಿನವರು ಅವನನ್ನು ಕೆಡವಿದರು. ಶಿರಸ್ತೇದಾರ ಹೊಸ್ತಿಲ ಒಳಗಿನಿಂದಲೇ, "ಐದಾಗಿಲ್ಲ, ಆ ಗಡಿಯಾರ ಮುಂದಿದೆ! ಕೂಗಿಸ್ರೋ ಅವನ ಕೈಲಿ! ಬಾಯಿ ಬಿಡಿಸ್ರೋ!" ಎಂದು ಒದರುತ್ತಿದ್ದ. ಕಾವಲಿನವನ ಬೂಟು ಮೊದಲು ಪಕ್ಕೆಗೆ ಬಿತ್ತು, ಆಮೇಲೆ ಮುಖಕ್ಕೆ.

ಬೆಂಚಿನ ತುದಿಯ ಮುದುಕಿ ಪಕ್ಕದವಳ ಸೆರಗು ಜಗ್ಗಿದಳು. "ಏನೇ ಅದು? ಯಾರನ್ನೇ ಕೂಗಿದ್ದು? ನನ್ನ ಮಗನ್ನಾ?"

"ಅಲ್ಲಮ್ಮಾ. ರಾಷ್ಟ್ರಾಧ್ಯಕ್ಷರನ್ನ."

"ಬಂದ್ನಾ?"

"ಬರ್ಲಿಲ್ಲ."

"ಮೂರು ಸಲ ಕೂಗಿದ್ರೂ ಬರ್ಲಿಲ್ವಾ?" ಮುದುಕಿ ಕರಣೆಯನ್ನು ಎದೆಗೆ ಅವಚಿಕೊಂಡಳು. "ಹಾಗಾದ್ರೆ ಅವನದೂ ವಜಾ ಮಾಡ್ತಾರೇನೇ?"

ಮೂವತ್ತೊಂದು ವರ್ಷ ಬಾಯಿಂದಲೇ ಬದುಕಿದವನು ಕಲ್ಲಿನ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದ. ತುಟಿ ಒಡೆದು ರಕ್ತ ಇಳಿಯುತ್ತಿತ್ತು, ಹಲ್ಲು ಮಾತ್ರ ಕಚ್ಚಿಯೇ ಇತ್ತು. ಒಬ್ಬ ಅವನ ದವಡೆಗೆ ಎರಡೂ ಕೈ ಹಾಕಿ ಅಗಲಿಸಲು ನೋಡುತ್ತಿದ್ದ. ಮಗಳಿಗೆ ಸೇರಿದ ಮೂರನೇ ಕೂಗು ಇನ್ನೂ ಅದರೊಳಗೇ ಇತ್ತು.